ಗುರುವಾರದ ಕರೆಂಟು

ಮೇ ೧೨, ಸೋಮವಾರ

ಎಲೆಕ್ಟ್ರಿಕಲ್ ವಿಭಾಗದಲ್ಲಿ ಎರಡನೆಯ ವರ್ಷ ಮುಗಿಸಿದವರಿಗೆ ಇವತ್ತು ದಾರಿ ತೋರಿಸುವ ಕಾರ್ಯಕ್ರಮವಿತ್ತು. ಮುಂದಿನ ಎರಡು ವರ್ಷಕ್ಕೆ ನಮ್ಮಲ್ಲಿ ಮೂರು ಕವಲುಗಳಿವೆ. ಮಾಯಾ ನೋಡಿಕೊಳ್ಳುವ ವಿದ್ಯುತ್ ವಾಹನ (ಎಲ್ಲರ ಬಾಯಲ್ಲಿ ಇವಿ), ಕಂಟ್ರೋಲ್, ನನ್ನ ಪವರ್ ಸಿಸ್ಟಮ್ಸ್. ಸಭಾಂಗಣದಲ್ಲಿ ಕವಲಿಗೊಂದು ಮೇಜು. ಮಾಯಾ ಒಂದು ಸ್ಕೂಟರಿನ ಮೈ ಬಿಚ್ಚಿ, ಬ್ಯಾಟರಿ, ಮೋಟರ್ ಎಲ್ಲ ಕಾಣುವಂತೆ ನಿಲ್ಲಿಸಿದ್ದರು. ಹುಡುಗರು ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನ್ನ ಮೇಜಿನ ಮೇಲೆ ಹೈಟೆನ್ಶನ್ ತಂತಿಯ ಒಂದು ಗೇಣು ತುಂಡು ಇತ್ತು. ಕಾಗದ ಹಾರದಿರಲಿ ಎಂದು ಇಟ್ಟದ್ದು. ಒಬ್ಬ ಬಂದು ಅದನ್ನು ಎತ್ತಿ ನೋಡಿದ. ಕಾಗದಗಳೆಲ್ಲ ಫ್ಯಾನಿನ ಗಾಳಿಗೆ ಹಾರಿದವು. ಪಾಪ, ಎಲ್ಲವನ್ನೂ ಆರಿಸಿಕೊಟ್ಟ, ತಂತಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟ, ಸ್ಕೂಟರಿನ ಕಡೆ ಹೋದ.

ನಿಯಮ ವಿವರಿಸುವ ಕೆಲಸ ಪ್ರತಿ ವರ್ಷವೂ ನನ್ನದೇ. ಎಲ್ಲರಿಗೂ ಸಮಾನವಾದ ಕಡ್ಡಾಯ ವಿಷಯಗಳು, ಆರಿಸಿಕೊಂಡ ಕವಲಿನ ವಿಷಯಗಳು, ಜೊತೆಗೆ ತನ್ನ ಕವಲಿನ ಹೊರಗಿನದೊಂದು ವಿಷಯ. ಇವೆಲ್ಲದರ ಕ್ರೆಡಿಟ್ ಸೇರಿದರೆ ಡಿಗ್ರಿ. 'ಹೊರಗಿನದು' ಎಂದ ಕೂಡಲೇ ಹಿಂದಿನ ಸಾಲುಗಳಿಂದ "ಮ್ಯೂಸಿಕ್!" ಎಂದು ಕೂಗು ಎದ್ದಿತು. ಸಂಗೀತ ರಸಗ್ರಹಣ ಎಂಬ ವಿಷಯಕ್ಕೆ ಪರೀಕ್ಷೆಯಿಲ್ಲ, ಕೇಳಿಸಿಕೊಂಡರೆ ಸಾಕು. ಇಡೀ ವಿಭಾಗ ಅಲ್ಲಿಗೇ ಹೋಗುತ್ತದೆ. ನಮ್ಮಷ್ಟು ಭೀಮಪಲಾಸ ಕೇಳಿದ ಇಂಜಿನಿಯರುಗಳನ್ನು ಬೇರೆ ಯಾವ ಕಾಲೇಜೂ ತಯಾರಿಸಿರಲಾರದು.

ನನ್ನ ಕವಲಿಗೆ ನಾಲ್ವರು ಹೆಸರು ಕೊಟ್ಟರು. ನನಗೆ ಏನೂ ಅನಿಸಲಿಲ್ಲ. ಏನೂ ಅನಿಸಲಿಲ್ಲವೆಂದು ಬರೆದಿಡುತ್ತಿದ್ದೇನೆ.

ಮೇ ೧೪, ಬುಧವಾರ

ವಿಭಾಗದ ಮುಖ್ಯಸ್ಥ ವಿಕಾಸ ಕರೆಸಿದ. ನನಗಿಂತ ಹತ್ತು ವರ್ಷ ಚಿಕ್ಕವನು. ಕೆಟ್ಟ ಸುದ್ದಿ ಹೇಳುವಾಗ ಚಹಾ ತರಿಸುವ ಅಭ್ಯಾಸ. ಇವತ್ತು ಚಹಾದ ಜೊತೆ ಖಾರಿ ಬಿಸ್ಕಿಟ್ಟೂ ಬಂತು.

"ಹದಿನೈದು ಜನ ಇಲ್ಲದಿದ್ದರೆ ಕವಲು ಈ ವರ್ಷ ನಡೆಯುವುದಿಲ್ಲ ಸರ್. ನನ್ನ ಕೈಯಲ್ಲಿಲ್ಲ," ಎಂದ ಮರಾಠಿಯಲ್ಲಿ. "ನೀವು ಖಾರಿ ತಗೊಳ್ಳಿ."

ಕವಲು ನಡೆಯದಿದ್ದರೆ ಮಷೀನ್ ಹಾಲನ್ನು ಖಾಲಿ ಮಾಡಿ ಅಲ್ಲಿ ಚಾರ್ಜಿಂಗ್ ಲ್ಯಾಬ್ ಮಾಡುತ್ತಾರೆ. ಹಾಲಿನಲ್ಲಿರುವ ಹಳೆಯ ಜನರೇಟರುಗಳು, ಮೋಟರುಗಳು ಗುಜರಿಗೆ. ನಾನು ಮೊದಲ ವರ್ಷದವರಿಗೆ ಬೇಸಿಕ್ ಎಲೆಕ್ಟ್ರಿಕಲ್ ಹೇಳಿಕೊಂಡು ನಿವೃತ್ತಿಯವರೆಗೆ ಇರಬಹುದು. ಖಾರಿಯನ್ನು ಚಹಾದಲ್ಲಿ ಅದ್ದಿದೆ. ಅರ್ಧ ಮುರಿದು ಕಪ್ಪಿನ ತಳ ಸೇರಿತು.

ಹೊರಗೆ ಕಾರಿಡಾರಿನಲ್ಲಿ ಮಾಯಾ ಸಿಕ್ಕರು. ಮೈಸೂರಿನವರು, ನಾವಿಬ್ಬರೇ ಇದ್ದಾಗ ಕನ್ನಡ.

"ಶ್ಯಾಮ್ ಸರ್, ನೀವ್ಯಾಕೆ ಯೋಚ್ನೆ ಮಾಡ್ತೀರ? ನಿಮ್ಗೆ ಹದಿನೆಂಟು ಜನ ರೆಡಿ ಇದಾರಲ್ಲ!"

"ಯಾರು?"

"ನೀವು ಫೇಲ್ ಮಾಡಿದೋರು."

ಹೌದಲ್ಲ. ಎಲ್ಲರಿಗೂ ಕಡ್ಡಾಯವಾದ ಮಷೀನ್ಸ್ ವಿಷಯ ನನ್ನದು. ಅದರಲ್ಲಿ ಪಾಸಾಗದೆ ಇವಿಗೂ ಕಂಟ್ರೋಲ್‌ಗೂ ಪ್ರವೇಶವಿಲ್ಲ. ಅಂಥವರು ತಾವಾಗಿ ಪವರ್ ಸಿಸ್ಟಮ್ಸ್‌ಗೆ ಬಂದು ಬೀಳುತ್ತಾರೆ. ಮೋಟರ್ ಗೊತ್ತಿಲ್ಲದವನು ಸ್ಕೂಟರ್ ಮಾಡಬಾರದು ಎಂದು ಈ ನಿಯಮಕ್ಕೆ ಸಭೆಯಲ್ಲಿ ಹಟ ಹಿಡಿದವನೂ ನಾನೇ. ಈ ಸಲ ಫೇಲಾದವರು ಹದಿನೆಂಟು ಮಂದಿ. ಹಾಗಾದರೆ ಕವಲು ಉಳಿಯಿತು. ನನ್ನ ವಿಷಯ ಬಾರದವರಿಂದ.

ಮಾಯಾ ಕಾರಿಡಾರಿನ ಕೊನೆಯವರೆಗೂ ನಗುತ್ತ ಹೋದರು.

ಮೇ ೧೫, ಗುರುವಾರ

ಗುರುವಾರ, ಕರೆಂಟಿಲ್ಲ. ಲೈನ್ ದುರಸ್ತಿಗೆಂದು ಗುರುವಾರ ಹಗಲು ಕರೆಂಟು ತೆಗೆಯುವುದು ಈ ಊರಿನ ಹಳೆಯ ರೂಢಿ. ಹೆಂಡತಿ ಇಂದೂ ಎಂದಿನಂತೆ ಬೆಳಿಗ್ಗೆಯೇ ಚಟ್ನಿ ರುಬ್ಬಿ, ಬಟ್ಟೆ ಮಷೀನಿಗೆ ಹಾಕಿ, ಫೋನುಗಳನ್ನೆಲ್ಲ ಚಾರ್ಜಿಗೆ ಹಚ್ಚಿದ್ದಳು. ಧಾರವಾಡದಿಂದ ಬಂದ ಹೊಸದರಲ್ಲಿ ಇದನ್ನು ಒಂದು ವ್ರತವೆಂದೇ ಅವಳು ತವರಿಗೆ ಪತ್ರ ಬರೆದಿದ್ದಳು.

ಹದಿನೆಂಟು ಮಂದಿಯ ಸುದ್ದಿ ಹೇಳಿದೆ.

"ಪಾಪ. ಗಾಡಿ ಕಲೀಬೇಕಂತ ಬಂದ ಹುಡುಗ್ರು ನಿಮ್ಮ ಕೈಯಾಗ ಸಿಕ್ಕೊಂಡ್ರು," ಎಂದಳು.

"ನಾ ಏನ್ ಮಾಡೀನಿ? ಅವ್ರು ಬರದದ್ದಕ್ಕ ಮಾರ್ಕ್ಸ್ ಹಾಕೀನಿ."

"ಹೂಂ. ನಿಮ್ದು ಯಾವದ್ರಾಗೂ ಏನೂ ಇರೂದಿಲ್ಲ ಬಿಡ್ರಿ."

ಅದು ಹೊಗಳಿಕೆಯೋ ಅಲ್ಲವೋ ಕೇಳಲಿಲ್ಲ. ಚಟ್ನಿ ಚೆನ್ನಾಗಿತ್ತು.

ಮೇ ೧೯, ಸೋಮವಾರ

ಫೇಲಾದವರಿಗೆ ಬೇಸಿಗೆ ತರಗತಿ, ಆಮೇಲೆ ಮರುಪರೀಕ್ಷೆ. ಕಲಿಸುವವನು ನಾನು, ಪರೀಕ್ಷಿಸುವವನೂ ನಾನು. ಪಾಸಾದರೆ ಅವರು ಬೇಕಾದ ಕವಲಿಗೆ ಹೋಗುತ್ತಾರೆ, ನನ್ನದು ಮುಚ್ಚುತ್ತದೆ. ಫೇಲಾದರೆ ನನ್ನಲ್ಲೇ ಉಳಿಯುತ್ತಾರೆ. "ಸರ್, ಬ್ಯಾಟೂ ನಿಮ್ಮದೇ, ಅಂಪೈರೂ ನೀವೇ," ಎಂದು ವಿಕಾಸ ಕಣ್ಣು ಮಿಟುಕಿಸಿದ. ನಾನು ನಗಲಿಲ್ಲ. ನಿಯಮದಲ್ಲಿ ಇರುವುದನ್ನೇ ಹೇಳಿದ್ದಾನೆ.

ಮೊದಲ ತರಗತಿ ಮಷೀನ್ ಹಾಲಿನಲ್ಲಿ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ, ಹಸಿರು ಬಣ್ಣದ, ಎಮ್ಮೆಗಳಂಥ ಯಂತ್ರಗಳು. ಹದಿನೆಂಟೂ ಮಂದಿ ಬಾಗಿಲ ಬಳಿಯೇ ನಿಂತಿದ್ದರು. ಸೀಟ್ ನಂಬರಿನಿಂದ ಹಾಜರಿ ಕರೆದೆ. ಹೆಸರಿಗಿಂತ ನಂಬರು ಸ್ವಚ್ಛ.

ಮೂವತ್ತೊಂದನೆಯ ನಂಬರಿನವನು ಕೈ ಎತ್ತಿದ. "ಸರ್, ಈ ಮಷೀನ್ ಇನ್ನಾ ತಿರಗ್ತಾವೇನ್ರಿ?"

ಅಚ್ಚ ಗೋಕಾಕದ ಕನ್ನಡ. ಇಲ್ಲೇ ಹತ್ತಿರದ ಶಿರೂರಿನಲ್ಲಿ ಉಳ್ಳಾಗಡ್ಡಿ ವ್ಯಾಪಾರ ಮಾಡುವವರ ಮಗನಂತೆ. ತರಗತಿಯ ಭಾಷೆ ಇಂಗ್ಲಿಷ್, ಇಂಗ್ಲಿಷಿನಲ್ಲೇ ಹೌದೆಂದೆ.

ಮೇ ೨೩, ಶುಕ್ರವಾರ

ತಿರುಗುತ್ತಿರುವ ಜನರೇಟರನ್ನು ಊರಿನ ಕರೆಂಟಿಗೆ ಜೋಡಿಸುವ ಪ್ರಯೋಗ. ನಡುವೆ ಮೂರು ಬಲ್ಬು ಇಡುತ್ತೇವೆ. ಎರಡೂ ಕಡೆಯ ವೇಗ ಬೇರೆಯಾಗಿದ್ದರೆ ಮೂರೂ ಬಲ್ಬುಗಳು ಒಟ್ಟಿಗೆ ಉರಿದು ಒಟ್ಟಿಗೆ ಆರುತ್ತವೆ, ಮತ್ತೆ ಉರಿಯುತ್ತವೆ. ವೇಗ ಹತ್ತಿರವಾದಂತೆ ಈ ಉರಿದು ಆರುವುದು ನಿಧಾನವಾಗುತ್ತದೆ. ಪೂರ್ತಿ ಆರಿದಾಗ, ಆ ಕತ್ತಲೆಯ ನಟ್ಟನಡುವೆ, ಸ್ವಿಚ್ ಹಾಕಬೇಕು. ಹೊಸಬರೆಲ್ಲ ಉರಿದಾಗ ಹಾಕಲು ಹೋಗುತ್ತಾರೆ. ಬೆಳಕು ಬಂದರೆ ಒಳ್ಳೆಯದೇ ಆಗಿರಬೇಕೆಂಬ ನಂಬಿಕೆ.

ಇವತ್ತು ಬಲ್ಬುಗಳು ಒಟ್ಟಿಗೆ ಉರಿಯಲಿಲ್ಲ. ಮದುವೆ ಮನೆಯ ಸರದಂತೆ ಒಂದರ ಹಿಂದೆ ಒಂದು ಓಡಿದವು. ತಂತಿಗಳ ಸರದಿ ತಿರುಗುಮುರುಗಾಗಿದೆ ಎಂದರ್ಥ. ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸರಿ. ಕರೆಂಟು ತೆಗೆದು, ಮೂವತ್ತೊಂದು ನಂಬರಿನವನು ಸ್ವಿಚ್ ಹಲಗೆಯ ಈ ಬದಿಯಲ್ಲಿ ಎರಡು ತಂತಿ ಬದಲಿಸಿದ. ಹಲಗೆಯ ಆ ಬದಿಯಲ್ಲಿ, ಯಾರಿಗೂ ಹೇಳದೆ, ಏಳು ನಂಬರಿನವನೂ ಎರಡು ತಂತಿ ಬದಲಿಸಿದ. ಬಲ್ಬು ಮತ್ತೆ ಓಡಿದವು. "ನೀ ಸರಿ ಹಾಕಿಲ್ಲ" ಎಂದು ಅವನು, "ನೀನೇ" ಎಂದು ಇವನು. ಮತ್ತೆ ಇಬ್ಬರೂ ಬದಲಿಸಿದರು. ಮತ್ತೆ ಓಡಿದವು. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ.

ಕೊನೆಗೆ ನಲವತ್ತು, ಸಾಸವಡದ ಹುಡುಗಿ, ಮರಾಠಿಯಲ್ಲಿ ಹೇಳಿದಳು: "ಇಬ್ಬರಲ್ಲಿ ಒಬ್ಬರು ಏನೂ ಮಾಡದಿದ್ದರೆ ಆಗಿಬಿಡುತ್ತೆ ನೋಡಿ."

ನನಗೆ ನಗು ಬಂತು. ಜೋರಾಗಿಯೇ ಬಂದಿರಬೇಕು; ಹದಿನೆಂಟು ಮಂದಿ ತಿರುಗಿ ನೋಡಿದರು. ಯಂತ್ರದಿಂದ ಬಂದ ಸದ್ದೋ ಎಂದು ಕೆಲವರು ಯಂತ್ರವನ್ನೂ ನೋಡಿದರು.

ಮೇ ೨೭, ಮಂಗಳವಾರ

ಮಳೆ ಈ ಸಲ ಹೇಳದೆ ಕೇಳದೆ ಬಂದುಬಿಟ್ಟಿದೆ.

ತರಗತಿಯ ನಂತರ ನಲವತ್ತು ನಿಂತಳು. ಹೆಸರು ಅನುಜಾ. ಚಾಕಣದ ಕಡೆಯ ಒಂದು ಸ್ಕೂಟರ್ ಕಂಪನಿ ಅವಳನ್ನು ತರಬೇತಿಗೆ ಆರಿಸಿದೆ. ಷರತ್ತು ಒಂದೇ: ಅವಳು ಇವಿ ಕವಲಿನಲ್ಲಿರಬೇಕು. ಮಷೀನ್ಸ್ ಪಾಸಾಗದಿದ್ದರೆ ಅದು ಹೋಯಿತು.

"ಸರ್, ನಾನು ಪಾಸಾಗ್ತೀನಾ?"

"ಪರೀಕ್ಷೆ ಆಗಲಿ, ಆಗ ಇಬ್ಬರಿಗೂ ಗೊತ್ತಾಗುತ್ತದೆ."

ಇಂಥ ಉತ್ತರಕ್ಕೂ ನಕ್ಕಳು. ಆಮೇಲೆ ಅವಳ ಹಳೆಯ ಅಂಕ ತೆಗೆದು ನೋಡಿದೆ. ಬರೆಯುವ ಪರೀಕ್ಷೆಯಲ್ಲಿ ತರಗತಿಗೇ ಮೂರನೆಯವಳು. ಪ್ರಾಯೋಗಿಕದಲ್ಲಿ ಸೊನ್ನೆ. ಪಕ್ಕದಲ್ಲಿ ನಾನೇ ಬರೆದ ಷರಾ: 'ಸ್ವಿಚ್ ಹಾಕಲಿಲ್ಲ.' ಹೆದರಿಕೆಯಂತೆ. ದೀಪ ಆರುತ್ತದೆ, ಕೈ ಏಳುವುದಿಲ್ಲ. ಅಷ್ಟರಲ್ಲಿ ಮತ್ತೆ ಉರಿಯುತ್ತದೆ.

ಜೂನ್ ೩, ಮಂಗಳವಾರ

ಹಾಲಿನ ಹಳೆಯ ಬಲ್ಬುಗಳು ಸುಟ್ಟುಹೋಗಿವೆ. ಸ್ಟೋರಿನವರು ಎಲ್ಇಡಿ ಕೊಟ್ಟರು. ಅದು ಮೆಲ್ಲಗೆ ಆರುವುದಿಲ್ಲ. ಉರಿಯುತ್ತಲೇ ಇದ್ದು ತಟ್ಟನೆ ಹೋಗುತ್ತದೆ, ಕತ್ತಲೆಯ ನಡು ಎಲ್ಲಿದೆಯೆಂದು ತಿಳಿಯುವುದಿಲ್ಲ. ಸಂಜೆ ಇಂದೂಳ ಜೊತೆ ಹಳೆಯ ಊರಿನ ಬುಧವಾರ ಪೇಟೆ ಎಂಬ ಓಣಿಗೆ ಹೋಗಿ, ತಂತಿಯಿರುವ ಹಳೆಯ ಬಲ್ಬು ಕೇಳುತ್ತ ಅಂಗಡಿ ಅಂಗಡಿ ತಿರುಗಿದೆ.

"ಕಾಕಾ, ಯಾವ ಮ್ಯೂಸಿಯಮ್ಮಿಗೆ?" ಎಂದು ಕೇಳಿದ ಒಬ್ಬ. ಇನ್ನೊಬ್ಬ ಕೋಳಿಮರಿ ಸಾಕುತ್ತೀರಾ ಎಂದು ವಿಚಾರಿಸಿದ. ಶಾಖಕ್ಕೆ ಅವೇ ಬೇಕಂತೆ. ಕೊನೆಗೊಂದು ಅಂಗಡಿಯ ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಯಿತು.

"ಮದಿವ್ಯಾದಾಗಿಂದ ನನ್ನ ಒಂದ್ ಸೀರಿ ಆರಸ್ಲಿಕ್ಕ ಇಷ್ಟು ಅಂಗಡಿ ತಿರಗಿಲ್ಲ ನೀವು," ಎಂದಳು ಇಂದೂ, ಮಳೆಯಲ್ಲಿ ಕೊಡೆಯನ್ನು ಪೆಟ್ಟಿಗೆಯ ಮೇಲೆ ಹಿಡಿದು. ನಾವಿಬ್ಬರೂ ನೆನೆಯುತ್ತಿದ್ದೆವು.

"ಇದು ಕೆಲಸ."

"ಹೌದ್ರಿ, ಗೊತ್ತದ. ಅದಕ್ಕ ದಾರಿಯುದ್ದಕ್ಕೂ ಗುನುಗ್ಲಿಕತ್ತೀರಿ."

ಗುನುಗುತ್ತಿರಲಿಲ್ಲ.

ಜೂನ್ ೯, ಸೋಮವಾರ

ವಿಕಾಸ ಪರೀಕ್ಷೆಯ ದಿನ ಕೇಳಿದ. ಹದಿನೆಂಟರವರೆಗೆ ಬೇರೆ ಪರೀಕ್ಷೆಗಳು. ಇಪ್ಪತ್ತಕ್ಕೆ ಕಾಲ್ನಡಿಗೆಯ ವಾರಕರಿ ಯಾತ್ರಿಕರ ಪಾಲಖಿ ಊರಿಗೆ ಬರುತ್ತದೆ, ರಸ್ತೆಗಳು ಬಂದ್, ಕಾಲೇಜಿಗೆ ರಜೆ. ಅಂಕಗಳನ್ನು ಕಳಿಸಲೂ ಅದೇ ಕೊನೆಯ ದಿನ. ಹತ್ತೊಂಬತ್ತು ಎಂದೆ.

ಜೂನ್ ೧೩, ಶುಕ್ರವಾರ

ಭೀಮುಗೆ (ಮೂವತ್ತೊಂದು) ಈಗ ಕಣ್ಣು ಮುಚ್ಚಿ ಯಂತ್ರದ ಸದ್ದಿನಿಂದಲೇ ವೇಗ ಗೊತ್ತಾಗುತ್ತದೆ. ನಿತಿನ (ಏಳು) ಎಲ್ಲವನ್ನೂ ಸರಿಯಾಗಿ ಮಾಡಿ ಕೊನೆಯಲ್ಲಿ ಅವಸರ ಮಾಡುತ್ತಾನೆ. ಅನುಜಾ ಬೇರೆ ಎಲ್ಲರಿಗೂ ಯಾವಾಗ ಸ್ವಿಚ್ ಹಾಕಬೇಕೆಂದು ಹೇಳಿಕೊಡುತ್ತಾಳೆ, ತಾನು ಹಾಕುವುದಿಲ್ಲ.

ಮಧ್ಯಾಹ್ನ ಮಾಯಾ ಮೊದಲ ಸಲ ಹಾಲಿಗೆ ಬಂದರು, ಅಳತೆಯ ಟೇಪು ಹಿಡಿದುಕೊಂಡು. ಚಾರ್ಜರುಗಳನ್ನು ಎಲ್ಲಿಡುವುದೆಂದು ನೋಡಲು. ಆಗ ಭೀಮುವಿನ ಸರದಿ. ಬಲ್ಬುಗಳು ಉರಿದವು, ಆರಿದವು, ಇನ್ನೂ ನಿಧಾನವಾಗಿ ಉರಿದವು. ಮಾಯಾ ಟೇಪು ಹಿಡಿದೇ ನಿಂತರು.

"ಏನ್ ಚೆನ್ನಾಗಿದೆ ಸರ್ ಇದು! ನಮ್ ಹುಡುಗ್ರಿಗೆ ಇದನ್ನ ಬರೀ ಸ್ಕ್ರೀನ್ ಮೇಲೆ ತೋರಿಸ್ತೀವಿ."

ಅಳತೆ ತೆಗೆದುಕೊಳ್ಳದೆ ಹೋದರು. ನಾನೂ ನೆನಪಿಸಲಿಲ್ಲ.

ಇವತ್ತು ಪರೀಕ್ಷೆಯಿಟ್ಟರೆ ಮುಕ್ಕಾಲು ಪಾಲು ಪಾಸಾಗುತ್ತಾರೆ. ಕವಲು ಮುಚ್ಚುತ್ತದೆ. ಇದು ಕೇವಲ ಲೆಕ್ಕ.

ಜೂನ್ ೧೮, ಬುಧವಾರ

ಸಂಜೆ ಇಂದೂ ಬೇಳೆ ನೆನೆಹಾಕುತ್ತ, "ನಾಳೆ ಲಗೂನ ಏಳ್ಬೇಕು, ಎಲ್ಲಾ ರುಬ್ಕೊಂಡ್ ಬಿಡ್ಬೇಕು," ಎಂದಳು. ಆಮೇಲೆ ಕೈ ನಿಲ್ಲಿಸಿದಳು. "ನಾಳೆ ನಿಮ್ಮ ಹುಡುಗ್ರ ಪರೀಕ್ಷಾ ಅಲ್ಲೇನ್ರಿ?"

"ಹೂಂ."

"ಗುರುವಾರ?"

ವಿಮಾನ ನಿಲ್ದಾಣದ ಪಕ್ಕದ ನಮ್ಮ ವಿಮಾನ ನಗರದಲ್ಲಿ ಮಾತಿನ ನಡುವೆ ವಿಮಾನ ಹಾದುಹೋದರೆ ಎಲ್ಲರೂ ಬಾಯಿ ಮುಚ್ಚಿ ಕಾಯುತ್ತೇವೆ. ಈಗೊಂದು ಹಾದುಹೋಯಿತು. ಇಷ್ಟು ನಿಧಾನವಾಗಿ ಯಾವುದೂ ಹೋದದ್ದಿಲ್ಲ.

"ಬೇಕಂತನ ಇಟ್ಟೀರೇನ್ರಿ?" ಎಂದಳು ಆಮೇಲೆ.

"ಮರ್ತಿದ್ದೆ."

"ಇಷ್ಟ್ ವರ್ಷ ಈ ಊರಾಗಿದ್ದು, ಗುರುವಾರ ಮರಿತೀರಿ?"

ಮರೆತಿದ್ದೆ. ಬೇರೆ ದಿನವಿರಲಿಲ್ಲ, ಅದೂ ನಿಜ. ಎರಡೂ ನಿಜವಾಗಿದ್ದರೆ ಒಂದನ್ನೇ ಏಕೆ ಹೇಳಿದೆನೋ.

ಜೂನ್ ೧೯, ಗುರುವಾರ

ಬರೆಯುವ ಪರೀಕ್ಷೆ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲೇ ಮುಗಿಯಿತು. ಪ್ರಾಯೋಗಿಕಕ್ಕೆ ಹಾಲಿನಲ್ಲಿ ಎಲ್ಲರೂ ಸೇರಿದೆವು. ಯಂತ್ರಗಳು ಸುಮ್ಮನೆ ನಿಂತಿದ್ದವು.

ವಿಕಾಸ ಇಳಿದು ಬಂದು ನನ್ನನ್ನು ಪಕ್ಕಕ್ಕೆ ಕರೆದ. "ಕರೆಂಟಿಲ್ಲ, ಪರೀಕ್ಷೆ ಆಗಲಿಲ್ಲ ಅಂತ ಎರಡು ಸಾಲು ಬರೆದುಕೊಡಿ ಸರ್. ಇವರು ಡಿಸೆಂಬರಿನಲ್ಲಿ ಬರೆಯಲಿ. ಯಾರೂ ನಿಮ್ಮನ್ನು ತಪ್ಪು ಅನ್ನುವುದಿಲ್ಲ." ದನಿ ತಗ್ಗಿಸಿದ. "ನಿಮ್ಮ ಕವಲೂ ಉಳಿಯಿತು."

ಅವನು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ಹದಿನೆಂಟು ಮಂದಿ ನನ್ನನ್ನು ನೋಡುತ್ತಿದ್ದರು. ಅನುಜಾ ಮಾತ್ರ ಬಲ್ಬುಗಳನ್ನು ನೋಡುತ್ತಿದ್ದಳು. ಅವು ಆರಿದ್ದವು.

"ಸರ್," ಎಂದ ಭೀಮು, "ಹಿತ್ತಲ ಕಡೆ ಡೀಸೆಲ್ ಜನರೇಟರ್ ಅದ ಅಲ್ರಿ?"

"ಅದು ಆಫೀಸಿಗೆ, ಫ್ಯಾನಿಗೆ, ಲಿಫ್ಟಿಗೆ."

"ಇವತ್ತ ನಮಗೂ ಕೊಡ್ಲಿ ಬಿಡ್ರಿ. ಊರ ಕರೆಂಟಿನ ಬದ್ಲಿ ಅದಕ್ಕ ಜೋಡಸ್ತೀವಿ."

"ಅದು ತ್ರಾಸದ ಕೆಲಸ ಭೀಮು. ಊರ ಕರೆಂಟು ಗುಡ್ಡ ಇದ್ದಂಗ, ಅಲಗಾಡೂದಿಲ್ಲ. ಈ ಡೀಸೆಲ್ ಜನರೇಟರ್ ಮನಶ್ಯಾ ಇದ್ದಂಗ. ಒಂದ್ ಲಿಫ್ಟ್ ಮ್ಯಾಲೆ ಹೋತಂದ್ರ ಸಾಕು, ಉಸರ ತಪ್ತದ. ಬಲ್ಬು ನಿಲ್ಲೂದೇ ಇಲ್ಲ."

"ಹಂಗಾದ್ರ ಲಿಫ್ಟ್ ಬಂದ್ ಮಾಡ್ಸೂಣ್ರಿ."

ಉಳಿದವರಿಗೆ ಕನ್ನಡ ಬರದಿದ್ದರೂ 'ಲಿಫ್ಟ್', 'ಬಂದ್' ಎರಡೂ ಅರ್ಥವಾದವು. "ಹೋ ಸರ್!" ಎಂದು ಹಾಲು ತುಂಬ ಸದ್ದು.

ವಿಕಾಸ ಅಷ್ಟರಲ್ಲಿ ತನ್ನ ಕೋಣೆಗೆ ಹೋಗಿದ್ದ. ನಾನು ಹಿಂದೆಯೇ ಹೋದೆ. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ್ದೆನೆಂದು ಈಗ ಮಂಡಿ ಹೇಳುತ್ತಿದೆ.

"ಸರ್, ಪ್ರಿನ್ಸಿಪಾಲರು ನಾಲ್ಕನೇ ಮಹಡಿಯಲ್ಲಿದ್ದಾರೆ. ಊಟಕ್ಕೆ ಇಳಿಯಬೇಕು!"

"ಇಳಿಯಲಿ. ಇಳಿಯುವುದಕ್ಕೆ ಲಿಫ್ಟ್ ಏಕೆ?"

"ಆಮೇಲೆ ಹತ್ತಬೇಕಲ್ಲ."

"ಊಟವಾದ ಮೇಲೆ ಒಳ್ಳೆಯದು."

ವಿಕಾಸ ಹಣೆ ಒತ್ತಿಕೊಂಡು ಸರಿ ಎಂದ. ನಿತಿನನನ್ನು ಲಿಫ್ಟಿನ ಬಾಗಿಲಿಗೆ ಕಾವಲು ಹಾಕಿದೆವು. ಅವನ ಪರೀಕ್ಷೆ ಕೊನೆಗೆ. ಡೀಸೆಲ್ ಜನರೇಟರಿನ ಕರೆಂಟು ಹಾಲಿಗೆ ಬಂತು, ಹಾಲಿನ ಯಂತ್ರ ತಿರುಗಿತು, ಬಲ್ಬುಗಳು ಹುಚ್ಚಿನಂತೆ ಮಿಣುಕಿದವು. ಭೀಮು ವೇಗ ತಿದ್ದುತ್ತ ಹೋದ. ನಿಧಾನವಾಯಿತು, ಇನ್ನೂ ನಿಧಾನ, ಆರಿತು, ಹಾಕಿದ. ಪಾಸು. ಅವನ ಹಿಂದೆ ಒಬ್ಬೊಬ್ಬರಾಗಿ ಬಂದರು. ಒಮ್ಮೆ ನಡುವೆ ಬಲ್ಬುಗಳು ತಟ್ಟನೆ ಬೇಗಬೇಗ ಮಿಣುಕತೊಡಗಿದವು. ಇಡೀ ಹಾಲು ಒಂದೇ ದನಿಯಲ್ಲಿ "ಲಿಫ್ಟ್!" ಎಂದು ಕಿರುಚಿತು. ದೂರದಲ್ಲಿ ನಿತಿನ ಯಾರಿಗೋ, "ಮೇಡಮ್, ಎರಡೇ ಮಹಡಿ, ಪ್ಲೀಸ್," ಎನ್ನುತ್ತಿದ್ದ.

ಅನುಜಾ ಬಂದಳು. ತಂತಿ, ವೇಗ, ವೋಲ್ಟೇಜು, ಎಲ್ಲ ಸರಿ. ಬಲ್ಬುಗಳು ಉಸಿರಾಡಿದಂತೆ ನಿಧಾನವಾಗಿ ಆರಿದವು. ಅವಳ ಕೈ ಹಿಡಿಕೆಯ ಮೇಲಿತ್ತು, ಏಳಲಿಲ್ಲ. ಮತ್ತೆ ಉರಿದವು. ಮತ್ತೆ ಆರಿದವು. ಕೈ ಏಳಲಿಲ್ಲ. ಪರೀಕ್ಷಕ ಹೇಳಿಕೊಡುವಂತಿಲ್ಲ. ನಾನು ಅಂಕದ ಹಾಳೆ ಕೆಳಗಿಟ್ಟು, ಬೆನ್ನು ತಿರುಗಿಸಿ ಕಿಟಕಿಯ ಬಳಿ ನಿಂತೆ. ಹೊರಗೆ ನೋಡಲು ಏನೂ ಇರಲಿಲ್ಲ, ಮೋಡ ಕವಿದಿತ್ತು. ಕಿಟಕಿಯ ಗಾಜಿನಲ್ಲಿ ಮೂರು ಬಲ್ಬುಗಳು ಉರಿದವು, ಕೆಂಪಾದವು, ಕಾಣದಾದವು.

ಖಟ್ ಎಂದಿತು.

ತಪ್ಪಾಗಿ ಜೋಡಿಸಿದರೆ ನೆಲ ಅದುರುತ್ತದೆ. ಸರಿಯಾಗಿ ಜೋಡಿಸಿದರೆ ಮತ್ತೇನೂ ಕೇಳಿಸುವುದಿಲ್ಲ. ಏನೂ ಕೇಳಿಸಲಿಲ್ಲ. ಆಮೇಲೆ ಎಷ್ಟು ಕೇಳಿಸಿತೆಂದರೆ ಮೇಲಿನ ಮಹಡಿಯಿಂದ ಮಾಯಾ ಓಡಿ ಬಂದರು.

ಕೊನೆಯವನು ನಿತಿನ. ಹೊಟ್ಟೆ ಹಸಿದಿತ್ತೋ, ಲಿಫ್ಟ್ ಕಾದು ಬೇಸತ್ತಿದ್ದನೋ, ಬಲ್ಬು ನಿಗಿನಿಗಿ ಉರಿಯುತ್ತಿರುವಾಗಲೇ ಹಾಕಿಬಿಟ್ಟ. ಧಡ್ ಎಂದು ನೆಲ ಅದುರಿತು, ರಕ್ಷಕ ಸ್ವಿಚ್ಚುಗಳೆಲ್ಲ ಬಿದ್ದವು, ಹಿತ್ತಲಿನಲ್ಲಿ ಜನರೇಟರ್ ಒಮ್ಮೆ ಕೆಮ್ಮಿ ನಿಂತಿತು. ಇಡೀ ಕಾಲೇಜಿನ ಫ್ಯಾನುಗಳು ನಿಂತವು. ನಾಲ್ಕೂ ಮಹಡಿಗಳಿಂದ ಒಂದೇ ನಿಟ್ಟುಸಿರು.

"ಸರ್," ಎಂದ ನಿತಿನ ಆ ಮೌನದಲ್ಲಿ, "ಇದಕ್ಕೆ ಸ್ವಲ್ಪವಾದರೂ ಮಾರ್ಕ್ಸ್?"

ಜೂನ್ ೨೦, ಶುಕ್ರವಾರ

ಅಂಕಗಳನ್ನು ಕಳಿಸಿದೆ. ನಿತಿನ, ಮತ್ತಿಬ್ಬರು ಬಿಟ್ಟು ಎಲ್ಲರೂ ಪಾಸು. ಎರಡು ಸಲ ಕೂಡಿ ನೋಡಿದೆ. ಕಡಿಮೆ ಮಾಡಲು ಅಲ್ಲ, ಹೆಚ್ಚು ಮಾಡಲೂ ಅಲ್ಲ.

ಸಂಜೆ ಇಂದೂ ಪಾಲಖಿ ನೋಡಲು ಎಳೆದುಕೊಂಡು ಹೋದಳು. ತಾಳದ ಸದ್ದಿನಲ್ಲಿ ಏನೋ ಕೇಳಿದಳು, ಕೇಳಿಸದೆ ಹೌದೆಂದೆ. ಅನುಜಾ ಮನೆಗೆ ಫೋನ್ ಮಾಡಿದ್ದಳಂತೆ; ಸಾಸವಡದಲ್ಲಿ ಅವಳ ಮನೆಯವರು ವಾರಕರಿಗಳಿಗೆ ಊಟ ಹಾಕುತ್ತಾರಂತೆ, ಸೋಮವಾರ ನಾವೂ ಬಡಿಸಲು ಹೋಗುತ್ತೇವಂತೆ. ನಾನು ಒಪ್ಪಿಕೊಂಡದ್ದು ಅದನ್ನೇ ಎಂದು ಮನೆಗೆ ಬಂದ ಮೇಲೆ ತಿಳಿಯಿತು.

ಜೂನ್ ೨೩, ಸೋಮವಾರ

ಸಾಸವಡ. ಕಡಲೆಹಿಟ್ಟಿನ ಪಿಠಲ, ಜೋಳದ ಭಾಕರಿ. ಬಡಿಸಿ ಬಡಿಸಿ ಕೈ ನೋವು.

ಜೂನ್ ೨೭, ಶುಕ್ರವಾರ

ಕವಲು ಆರಿಸುವುದು ಮುಗಿಯಿತು. ಅನುಜಾ ಇವಿಗೆ. ಪಾಸಾದವರಲ್ಲಿ ನನ್ನ ಕವಲು ಕೇಳಿದವನು ಭೀಮು ಒಬ್ಬನೇ. "ಯಾಕೋ?" ಎಂದೆ.

"ನಮ್ಮ ಗೋದಾಮಿನಾಗ ದಿನಾ ಫ್ಯೂಜ್ ಹಾರ್ತದ್ರಿ ಸರ್. ನಮ್ಮಪ್ಪ ಲೈನಿನವ್ರಿಗೆ ಬೈತಾನ. ಒಬ್ಬ ಮಗಾ ಆದ್ರೂ ಆ ಕಡೆ ಇರ್ಲಿ, ಬೈಸ್ಕೊಳ್ಲಿಕ್ಕ."

ಹದಿನೈದಾಗಲಿಲ್ಲ. ಹತ್ತಿರವೂ ಬರಲಿಲ್ಲ. ವಿಕಾಸ ಚಹಾ, ಖಾರಿ, ಜೊತೆಗೆ ಉಳ್ಳಾಗಡ್ಡಿಯ ಬಿಸಿ ಕಾಂದಾಭಜಿ ತರಿಸಿದ. ಭೀಮುವೂ ಮೊದಲೇ ಹೆಸರು ಕೊಟ್ಟಿದ್ದ ಆ ನಾಲ್ವರೂ ಕಂಟ್ರೋಲ್‌ಗೆ. ನಿತಿನ ಮತ್ತಿಬ್ಬರು ಡಿಸೆಂಬರಿನಲ್ಲಿ ಮತ್ತೆ ಬರೆಯುವವರೆಗೆ ಬರೀ ಕಡ್ಡಾಯ ವಿಷಯಗಳನ್ನು ಓದಬೇಕು. ಗುಜರಿಯವನು ಬುಧವಾರ ಬರುತ್ತಾನೆ.

ಹಾಲಿಗೆ ಹೋದೆ. ಬಲ್ಬುಗಳನ್ನು ಬಿಚ್ಚಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ.

ಜುಲೈ ೧, ಮಂಗಳವಾರ

ಬೆಳಿಗ್ಗೆ ಸಂಗೀತದ ಮೇಷ್ಟ್ರು ವಿಕಾಸನ ಕೋಣೆಯಲ್ಲಿ ಜೋರು ಮಾಡುತ್ತಿದ್ದರು. ಪ್ರತಿ ವರ್ಷ ತುಂಬಿ ತುಳುಕುವ ತರಗತಿಗೆ ಈ ಸಲ ಅರ್ಧದಷ್ಟು ಹೆಸರೂ ಇಲ್ಲ, ಎಲೆಕ್ಟ್ರಿಕಲ್‌ನವರು ಎಲ್ಲಿ ಹೋದರು ಎಂದು. ನಾನು ಬಾಗಿಲಲ್ಲಿ ನಿಂತಿದ್ದೆ. ಮಾಯಾ ಹಿಂದಿನಿಂದ ಬಂದು ತೋಳು ತಟ್ಟಿದರು.

"ಶ್ಯಾಮ್ ಸರ್, ಎಲ್ಲ ನಿಮ್ ಹತ್ರ ಬಂದಿದಾರೆ!"

ನನ್ನ ಕವಲಿನ ವಿಷಯಗಳಲ್ಲಿ 'ಮಷೀನ್ ಪ್ರಯೋಗಾಲಯ' ಎಂಬುದೂ ಒಂದು. ಬೇರೆ ಕವಲಿನವರು ಅದನ್ನು ತಮ್ಮ ಹೊರಗಿನ ವಿಷಯವಾಗಿ ಆರಿಸಿಕೊಳ್ಳಬಹುದೆಂದು ಪಟ್ಟಿಯಲ್ಲಿ ಎಷ್ಟೋ ವರ್ಷದಿಂದ ಇದೆ. ಯಾರೂ ಆರಿಸಿಕೊಂಡಿರಲಿಲ್ಲ. ಕವಲು ಇರಲಿ ಬಿಡಲಿ, ಹದಿನೈದು ಮಂದಿ ಕೇಳಿದರೆ ಆ ಒಂದು ವಿಷಯವನ್ನು ನಡೆಸಲೇಬೇಕು, ನಿಯಮ. ಈ ಸಲ ಕೇಳಿದವರು ಅದರ ಎರಡರಷ್ಟು. ಬೇಸಿಗೆಯಲ್ಲಿ ಪಾಸಾದವರು ಅಷ್ಟೂ ಜನ, ಜೊತೆಗೆ ಹಾಲನ್ನು ಒಮ್ಮೆಯೂ ನೋಡದವರು.

"ಅವ್ರು ಯಾಕೆ?" ಎಂದೆ.

"ನಿತಿನ್‌ನಿಂದ, ಸರ್! ಅವ್ನು ಫ್ಯಾನೆಲ್ಲ ನಿಲ್ಲಿಸಿದ್ನಲ್ಲ, ಅದೇ ಜಾಹೀರಾತು ಆಗೋಯ್ತು. ಎಲ್ರಿಗೂ ಜೀವನದಲ್ಲಿ ಒಂದ್ಸಲ ಕಾಲೇಜ್ ಫ್ಯಾನ್ ನಿಲ್ಲಿಸ್ಬೇಕಂತೆ." ಆಮೇಲೆ ಸ್ವಲ್ಪ ಸಂಕೋಚದಿಂದ, "ನನ್ ಚಾರ್ಜರ್‌ಗಳಿಗೆ ಹಾಲ್‌ನ ಹಿಂದಿನ ಗೋಡೆ ಸಾಕು ಸರ್. ಗುಜರಿಯವ್ನಿಗೆ ಬರ್ಬೇಡ ಅಂತ ಹೇಳ್ಬಿಟ್ಟೆ. ಪರ್ವಾಗಿಲ್ಲ ತಾನೆ?"

ಪರವಾಗಿಲ್ಲ ಎಂದೆ.

ಮಧ್ಯಾಹ್ನ ಬಲ್ಬುಗಳನ್ನು ಮತ್ತೆ ಹಾಕಿದೆ. ಎರಡು ಹೆಚ್ಚಿನವು ಬೇಕು. ಇಂದೂಗೆ ಹೇಳಿದರೆ ಮೊದಲು ಸೀರೆ ಅಂಗಡಿ, ಆಮೇಲೆ ಬಲ್ಬು ಎಂದಳು.

ಜುಲೈ ೪, ಶುಕ್ರವಾರ

ವಿಕಾಸ ವೇಳಾಪಟ್ಟಿ ಮಾಡುತ್ತಿದ್ದಾನೆ. ಮಷೀನ್ ಪ್ರಯೋಗಕ್ಕೆ ಯಾವ ದಿನ ಬೇಕೆಂದು ಕೇಳಿದ. ಸೋಮವಾರ ಬೆಳಿಗ್ಗೆ ಖಾಲಿಯಿದೆ, ಬುಧವಾರವೂ ಇದೆ ಎಂದ.

"ಗುರುವಾರ," ಎಂದೆ.

ಅವನು ಕಂಪ್ಯೂಟರಿನಿಂದ ಮುಖ ಎತ್ತಿದ. "ಸರ್, ಗುರುವಾರ ಕರೆಂಟ್ ಇರುವುದಿಲ್ಲ. ಮತ್ತೆ ಮರೆತಿರಾ?"

"ಇಲ್ಲ, ಈ ಸಲ ಮರೆತಿಲ್ಲ. ಡೀಸೆಲ್ ತುಂಬಿಸಿಡಿ."

"ಪ್ರತಿ ಗುರುವಾರ?"

"ಪ್ರತಿ ಗುರುವಾರ."

"ಲಿಫ್ಟು?"

ನಾನು ಬೆರಳಿನಿಂದ ಮೆಟ್ಟಿಲುಗಳ ಕಡೆ ತೋರಿಸಿದೆ. ವಿಕಾಸ ಹಣೆ ಒತ್ತಿಕೊಂಡ. ಆಮೇಲೆ ಫೋನೆತ್ತಿ ಚಹಾ ಹೇಳಿದ, ಖಾರಿಯೂ ಹೇಳಿದ. ಬಂದಾಗ ಟ್ರೇಯನ್ನು ತನ್ನ ಕಡೆಗೇ ಎಳೆದುಕೊಂಡ.